ಮಾಂಟೇನನನ್ನು ಓದುವ ಬಗೆ

ತನ್ನ ದೋಷಗಳನ್ನು ತಾನೇ ಹೇಳಿಕೊಂಡವನೆಲ್ಲ ಪ್ರಾಮಾಣಿಕನೆಂದು ನಂಬಿಬಿಡುವ ಸೌಜನ್ಯವು ಓದುಗರಲ್ಲಿ ಹೇರಳವಾಗಿರುವುದರಿಂದ, ಆತ್ಮನಿವೇದನೆಯ ಹೆಸರಿನಲ್ಲಿ ಬರುವ ಅನೇಕ ಗ್ರಂಥಗಳು ತಮ್ಮ ಯೋಗ್ಯತೆಗೆ ಮೀರಿದ ಮನ್ನಣೆಯನ್ನು ಗಳಿಸಿಕೊಳ್ಳುತ್ತವೆ. ದೋಷವನ್ನು ಒಪ್ಪಿಕೊಳ್ಳುವುದರಲ್ಲಿಯೂ ಒಂದು ಬಗೆಯ ಜಂಬ ಅಡಗಿರಬಹುದಷ್ಟೆ. ಹಾಗಾದರೆ ನಿಜವಾದ ಪ್ರಾಂಜಲತೆಯನ್ನು ಗುರುತಿಸುವುದೆಂತು? ಸ್ವಾನುಭವದ ಪ್ರಬಂಧಕ್ಕೆ ಮೂಲಪುರುಷನೆನಿಸಿದ ಫ್ರಾನ್ಸಿನ ಮಿಶೆಲ್ ದ ಮಾಂಟೇನನ (1533–1592) ಗ್ರಂಥದಲ್ಲಿ ಈ ಪ್ರಶ್ನೆಗೆ ಸಿಕ್ಕುವಷ್ಟು ತೃಪ್ತಿಕರವಾದ ಉತ್ತರ ನನಗೆ ಬೇರೆಡೆ ಸಿಕ್ಕಿಲ್ಲ.

ಬೋರ್ದೊ ನಗರದ ಉಚ್ಚ ನ್ಯಾಯಸ್ಥಾನದಲ್ಲಿ ಹಲವು ವರ್ಷ ಸೇವೆಮಾಡಿ, ಮೂವತ್ತೆಂಟರ ವಯಸ್ಸಿನಲ್ಲಿ, 1571ರಲ್ಲಿ, ಇನ್ನು ಸರ್ಕಾರದ ಗೊಡವೆ ಸಾಕೆಂದು ತನ್ನ ಹಳ್ಳಿಯ ಮನೆಯ ಗೋಪುರವನ್ನು ಸೇರಿ, ಅಲ್ಲಿನ ತೊಲೆಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಸೂಕ್ತಿಗಳನ್ನು ಬರೆಯಿಸಿಕೊಂಡು, ಹೊರಗೆ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಧರ್ಮದ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದ ಕಾಲದಲ್ಲಿ, ಆತನು ತನ್ನ ಮನಸ್ಸನ್ನೇ ಪರೀಕ್ಷೆಗೆ ಒಡ್ಡಿಕೊಂಡನು. 1580ರಲ್ಲಿ ಎರಡು ಸಂಪುಟಗಳು ಪ್ರಕಟವಾದವು. 1588ರಲ್ಲಿ ಮೂರನೆಯದೂ ಕೂಡಿ ಪ್ರಬಂಧಗಳ ಸಂಖ್ಯೆ 107 ಆಯಿತು.

ಆ ವೇಳೆಗೆ ಮೊದಲೆರಡು ಸಂಪುಟಗಳ ಒಡಲೊಳಗೂ ನೂರಾರು ಹೊಸ ವಾಕ್ಯಗಳು ಬಂದು ಸೇರಿದ್ದವು. 1588ರ ಪ್ರತಿಯೊಂದರ ಅಂಚುಗಳನ್ನು ಆತನು ಸಾಯುವವರೆಗೂ ಸ್ವಹಸ್ತದಿಂದ ತುಂಬುತ್ತ ಹೋದನು. ಆ ಪ್ರತಿ ಇಂದಿಗೂ ಬೋರ್ದೊ ನಗರದ ಪುಸ್ತಕಭಂಡಾರದಲ್ಲಿದೆ. ಗಮನಿಸತಕ್ಕ ಸಂಗತಿಯೆಂದರೆ, ಅಲ್ಲಲ್ಲಿ ಪದಗಳನ್ನು ತಿದ್ದಿದ್ದರೂ, ಹಿಂದಿನ ಅಭಿಪ್ರಾಯವು ಈಗ ತನಗೆ ಒಪ್ಪಿಗೆಯಾಗದೆಂಬ ಕಾರಣಕ್ಕೆ ಅದನ್ನು ಹೊಡೆದುಹಾಕುವುದು ಆತನ ಪದ್ಧತಿಯಲ್ಲ. ನಲವತ್ತರ ಮಾಂಟೇನನೂ ಐವತ್ತೈದರ ಮಾಂಟೇನನೂ ಒಂದೇ ಪುಟದಲ್ಲಿ ಭಿನ್ನಾಭಿಪ್ರಾಯದಿಂದಲೇ ಕುಳಿತಿದ್ದಾರೆ. ಕಿರಿಯನ ಬಾಯಿಯನ್ನು ಹಿರಿಯನು ಮುಚ್ಚಿಸುವುದಿಲ್ಲ. ನನ್ನ ಮಟ್ಟಿಗೆ ಈ ಗ್ರಂಥದ ಸತ್ಯನಿಷ್ಠೆಯೆಲ್ಲ ಇರುವುದು ಇಲ್ಲಿಯೇ.

ಸ್ನೇಹವನ್ನು ಕುರಿತ ಪ್ರಬಂಧವನ್ನು ನೋಡಬಹುದು. ಆತನ ಆಪ್ತಮಿತ್ರ ಎತಿಯೆನ್ ದ ಲಾ ಬೊಎಸಿ 1563ರಲ್ಲಿ ಅಕಾಲಮರಣಕ್ಕೆ ತುತ್ತಾದನು. ಆ ಪ್ರೀತಿಗೆ ಕಾರಣವನ್ನು ಹೇಳಲು ತನ್ನಿಂದಾಗದೆಂದು 1580ರ ಮುದ್ರಣದಲ್ಲಿ ಮಾಂಟೇನನು ಕೈಚೆಲ್ಲಿದ್ದನು. ಮಿತ್ರನು ತೀರಿ ಕಾಲು ಶತಮಾನ ಕಳೆದ ಮೇಲೆ, ಅದೇ ವಾಕ್ಯದ ಪಕ್ಕದ ಅಂಚಿನಲ್ಲಿ, ಎರಡು ಕಿರಿಯ ವಾಕ್ಯಾಂಶಗಳಲ್ಲಿ ಉತ್ತರ ಮೂಡಿತು. ಅವು ಇಂದು ಜಗತ್ಪ್ರಸಿದ್ಧವಾಗಿವೆ. ಆದರೂ ಉತ್ತರ ದೊರೆತ ಸಂಭ್ರಮದಲ್ಲಿ, ಹಿಂದೆ ತನಗೆ ಮಾತು ತೋಚದಿದ್ದುದನ್ನು ಆತನು ಮರೆಮಾಚಲಿಲ್ಲ.

ಎಲ್ಲವನ್ನೂ ಹೇಳಿದನೆಂದು ಮಾತ್ರ ಯಾರೂ ಭಾವಿಸಬಾರದು. 1581ರಿಂದ ನಾಲ್ಕು ವರ್ಷ ಆತನು ಬೋರ್ದೊ ನಗರದ ಮೇಯರನಾಗಿದ್ದನು. ಅಧಿಕಾರದ ಅವಧಿ ಮುಗಿಯುತ್ತಿದ್ದಾಗ ನಗರಕ್ಕೆ ಪ್ಲೇಗು ತಗಲಿತು. ಹೊರಗಿದ್ದ ಮೇಯರನು ಒಳಗೆ ಕಾಲಿಡದೆ ಪತ್ರಮುಖೇನ ವ್ಯವಹರಿಸಿದನು. ಪ್ಲೇಗಿನ ದೆಸೆಯಿಂದ ಮನೆಮಂದಿಯೊಡನೆ ತಿಂಗಳುಗಟ್ಟಲೆ ಅಲೆದುದನ್ನು ವಿಸ್ತಾರವಾಗಿ ಬರೆದ ಲೇಖನಿಯು ಈ ಪತ್ರದ ವಿಷಯದಲ್ಲಿ ಮೌನವಾಗಿದೆ. ಆತನ ಆರು ಹೆಣ್ಣುಮಕ್ಕಳಲ್ಲಿ ಐವರು ಹಸುಳೆಗಳಾಗಿಯೇ ತೀರಿಕೊಂಡರು. ಕಳೆದುಕೊಂಡ ಮಕ್ಕಳು ಇಬ್ಬರೋ ಮೂವರೋ ಎಂಬ ಧಾಟಿಯಲ್ಲಿ ತಂದೆಯು ಬರೆಯುತ್ತಾನೆ! ಆ ಸಾಲನ್ನು ಓದಿದಾಗ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಆದರೆ ಓದುಗನಿಗೆ ಹೀಗೆ ಸಿಟ್ಟು ಬರುವಂತಹ ಸಾಲನ್ನೂ ಉಳಿಸಿ ಹೋಗಿದ್ದಾನೆ. ಮೆಚ್ಚುಗೆಯೊಂದೇ ಗುರಿಯಾಗಿದ್ದರೆ ಅಂಚಿನಲ್ಲಿ ಎರಡು ಕಣ್ಣೀರಿನ ಮಾತುಗಳನ್ನು ಸೇರಿಸುವುದೇನು ದೊಡ್ಡ ಕೆಲಸವಾಗಿತ್ತು?

ಇಂಗ್ಲಿಷಿಗೆ ಜಾನ್ ಫ್ಲೋರಿಯೋ 1603ರಲ್ಲಿ ತಂದ ಅನುವಾದದ ಮೂಲಕ ಮಾಂಟೇನನ ಈ ಬರವಣಿಗೆಯ ರೀತಿಯು ಷೇಕ್ಸ್‌ಪಿಯರನನ್ನೂ ಮುಟ್ಟಿತು. ಇಂಗ್ಲಿಷ್ ಪ್ರಬಂಧಕಾರರ ಓದಿನಿಂದ ಬೆಳೆದ ನಮ್ಮ ಎ. ಎನ್. ಮೂರ್ತಿರಾಯರಂಥವರ ಲಲಿತಪ್ರಬಂಧವೂ ದೂರದಿಂದ ಈ ವಂಶಕ್ಕೇ ಸೇರಿದುದು.

ಹೊಸದಾಗಿ ಓದುವವರು ಮೊದಲ ಪುಟದಿಂದ ತೊಡಗಬೇಕಾಗಿಲ್ಲ. ಆರಂಭದ ಕೆಲವು ಪ್ರಬಂಧಗಳು ಉದಾಹರಣೆಗಳ ಕಂತೆಗಳೇ ಸರಿ, ನೀರಸವಾಗಿವೆ. ಮೂರನೆಯ ಸಂಪುಟದ ಕೊನೆಯದಾದ ಅನುಭವವನ್ನು ಕುರಿತ ಪ್ರಬಂಧವನ್ನು ಮೊದಲು ಕೈಗೆತ್ತಿಕೊಳ್ಳಿರಿ. ಮೂತ್ರಪಿಂಡದ ಕಲ್ಲಿನ ಬಾಧೆ, ಕರಬೂಜದ ಮೇಲಿನ ಆಸೆ, ಅವಸರದಲ್ಲಿ ಉಣ್ಣುತ್ತ ನಾಲಗೆಯನ್ನೂ ಬೆರಳನ್ನೂ ಕಚ್ಚಿಕೊಳ್ಳುವ ದುರಭ್ಯಾಸ, ಎಲ್ಲವೂ ಅಲ್ಲಿವೆ. ಕೊಳ್ಳುವಾಗ ಮಾತ್ರ 1580ರ, 1588ರ ಮತ್ತು ಅಂಚಿನ ಬರಹಗಳನ್ನು ಎ, ಬಿ, ಸಿ ಎಂದು ಗುರುತಿಸಿರುವ ಆವೃತ್ತಿಯನ್ನೇ ಕೇಳಿ ಕೊಳ್ಳಿರಿ.