ಬಾಯಿಮಾತಿನ ಭರವಸೆ ಸಾಲದು, ಆದೇಶ ಕೈಗೆ ಬರಬೇಕು: ಆರೋಗ್ಯ ಸೇವಕಿಯರ ಸಂಘಟನೆಗಳು ನಡೆದು ಬಂದ ದಾರಿ

ಕಾಮೋಠೆ: ಮಗುವಿಗೆ ಪೋಲಿಯೊ ಹನಿ ಹಾಕಿಸಿದ್ದೀರಾ, ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮು ಇದೆಯೇ ಎಂದು ಬಾಗಿಲಲ್ಲೇ ನಿಂತು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಹೋಗುವ ಆಶಾ ಕಾರ್ಯಕರ್ತೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆಕೆಯ ಹೆಸರು ಗೊತ್ತಿರುವವರು ಕಡಿಮೆ. ಆಕೆಗೆ ತಿಂಗಳಿಗೆ ಎಷ್ಟು ಸಿಗುತ್ತದೆ, ಅದು ಸಂಬಳ ಹೌದೋ ಅಲ್ಲವೋ ಎಂದು ವಿಚಾರಿಸಿದವರು ಇನ್ನೂ ಕಡಿಮೆ.

ವಾಸ್ತವದಲ್ಲಿ ಅದು ಸಂಬಳವಲ್ಲ. 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯನ್ನು 'ಸ್ವಯಂಸೇವಕಿ' ಎಂದು ಕರೆಯಲಾಯಿತು. ಮುಂದೆ ಯೋಜನೆ ನಗರಗಳಿಗೂ ವಿಸ್ತರಿಸಿತು. ಮಾಡಿದ ಒಂದೊಂದು ಕೆಲಸಕ್ಕೆ ಇಂತಿಷ್ಟು ಪ್ರೋತ್ಸಾಹಧನ, ಅದರ ಮೇಲೆ ರಾಜ್ಯ ಸರಕಾರ ಕೊಡುವ ಗೌರವಧನ, ಇದಿಷ್ಟೇ ಆಕೆಯ ಗಳಿಕೆ. ನೌಕರಳೆಂಬ ಮಾನ್ಯತೆಯೇ ಇಲ್ಲದ ಮೇಲೆ ಕನಿಷ್ಠ ವೇತನ, ಭವಿಷ್ಯನಿಧಿ, ನಿವೃತ್ತಿ ವೇತನಗಳ ಮಾತೆಲ್ಲಿ? ಕೊರೊನಾ ಕಾಲದಲ್ಲಿ ಮನೆ ಮನೆ ಸಮೀಕ್ಷೆಗೆ ಹೋದವರು ಇವರೇ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿಯನ್ನಿತ್ತು ಗೌರವಿಸಿತು. ಪ್ರಶಸ್ತಿ ಬಂತು, ಆದರೆ ಮಾನ್ಯತೆ ಬರಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟದ್ದು ಅವರದೇ ಸಂಘಟನೆಗಳು.

ಮಹಾರಾಷ್ಟ್ರದಲ್ಲಿ ಆಶಾ ಕಾರ್ಯಕರ್ತೆಯರ ಸಂಘಟನೆ ಒಂದಲ್ಲ, ಹಲವು. ಒಂದೊಂದಕ್ಕೆ ಒಂದೊಂದು ಕಾರ್ಮಿಕ ಒಕ್ಕೂಟದ ಬೆಂಬಲ, ಒಂದೊಂದು ಬಣ್ಣದ ಬಾವುಟ. ಬೇರೆ ಬೇರೆಯಾಗಿ ಮನವಿ ಕೊಟ್ಟರೆ ಮಂತ್ರಾಲಯದಲ್ಲಿ ಕಡತಗಳ ಸಂಖ್ಯೆ ಬೆಳೆಯುತ್ತದೆಯೇ ಹೊರತು ಕೆಲಸ ಮುಂದೆ ಸಾಗುವುದಿಲ್ಲ. ಹೀಗಾಗಿ ಅವು ಬಾವುಟ ಬದಲಿಸದೆಯೇ ಒಂದು ಜಂಟಿ 'ಕೃತಿ ಸಮಿತಿ'ಯಡಿ ಸೇರಿದವು. ಬೇಡಿಕೆ ಪಟ್ಟಿ ಒಂದೇ, ಮಾತುಕತೆಗೆ ಕೂರುವ ತಂಡವೂ ಒಂದೇ. ಆಶಾ ಕಾರ್ಯಕರ್ತೆಯರ ಜೊತೆಗೆ ಅವರ ಕೆಲಸವನ್ನು ನೋಡಿಕೊಳ್ಳುವ ಗಟ ಪ್ರವರ್ತಕರನ್ನೂ ಸಮಿತಿ ಸೇರಿಸಿಕೊಂಡಿತು.

2023ರ ಅಕ್ಟೋಬರ್ 18ರಂದು ರಾಜ್ಯದಾದ್ಯಂತ ಅನಿರ್ದಿಷ್ಟ ಮುಷ್ಕರ ಆರಂಭವಾಯಿತು. ದೀಪಾವಳಿಯ ಹೊತ್ತಿಗೆ ಆಶಾ ಕಾರ್ಯಕರ್ತೆಯರಿಗೆ 7,000 ರೂ. ಹೆಚ್ಚಳ ಹಾಗೂ 2,000 ರೂ. ದೀಪಾವಳಿ ಕೊಡುಗೆಯ ಘೋಷಣೆಯಾಗಿ ಮುಷ್ಕರ ನಿಂತಿತು. ಆದರೆ ಘೋಷಣೆಯ ಹಿಂದೆ ಬರಬೇಕಾಗಿದ್ದ ಸರಕಾರಿ ಆದೇಶ, ಇಲ್ಲಿನವರ ಮಾತಿನಲ್ಲಿ ಹೇಳುವುದಾದರೆ 'ಜಿಆರ್', ಬರಲೇ ಇಲ್ಲ. ಎರಡು ತಿಂಗಳು ಕಾದು 2024ರ ಜನವರಿ 12ರಂದು ಮತ್ತೆ ಮುಷ್ಕರ ಹೂಡಲಾಯಿತು. ಫೆಬ್ರವರಿಯಲ್ಲಿ ಶಹಾಪುರದಿಂದ ಠಾಣೆಯ ಕಡೆಗೆ ಹೆದ್ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಬಂದ ಸಾವಿರಾರು ಮಹಿಳೆಯರು ಬಳಿಕ ಆಜಾದ್ ಮೈದಾನದಲ್ಲಿ ಮೂರು ವಾರ ಕುಳಿತರು. ಮಾರ್ಚ್‌ನಲ್ಲಿ ರಾಜ್ಯ ಸಂಪುಟ 5,000 ರೂ. ಹೆಚ್ಚಳಕ್ಕೆ ಒಪ್ಪಿಗೆಯಿತ್ತು, ಅದನ್ನು 2023ರ ನವೆಂಬರ್‌ನಿಂದಲೇ ಅನ್ವಯಿಸಿತು.

ಘೋಷಿಸಿದ್ದು ಏಳು, ಕೈಗೆ ಬಂದದ್ದು ಐದು. ಆದರೂ ಬಾಯಿಮಾತಿನ ಏಳಕ್ಕಿಂತ ಲಿಖಿತ ಐದು ಮೇಲು ಎಂಬುದು ಲೆಕ್ಕ ಬಲ್ಲವರಿಗೆ ತಿಳಿಯದ್ದೇನಲ್ಲ.

ನಮ್ಮ ತಾಯ್ನಾಡಿನಲ್ಲೂ ಕಥೆ ಬೇರೆಯಲ್ಲ. 2025ರ ಜನವರಿ 7ರಿಂದ ನಾಲ್ಕು ದಿನ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಹಗಲಿರುಳು ಧರಣಿ ಕುಳಿತ ಆಶಾ ಕಾರ್ಯಕರ್ತೆಯರಿಗೆ ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂ. ಖಚಿತವಾಗಿ ಸಿಗುವಂತೆ ಮಾಡುವ ಭರವಸೆಯನ್ನು ಮುಖ್ಯಮಂತ್ರಿಗಳು ನೀಡಿದರು. ಅದು ಆದೇಶವಾಗಿ ಬಾರದಿದ್ದಾಗ ಅದೇ ವರ್ಷದ ಆಗಸ್ಟ್‌ನಲ್ಲಿ ಸಂಘ ಮತ್ತೆ ಮೂರು ದಿನಗಳ ಹೋರಾಟಕ್ಕೆ ಇಳಿಯಿತು. ಗೆದ್ದ ಮರುದಿನವೂ ಸಂಘದ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಎರಡೂ ರಾಜ್ಯಗಳು ಸಾಕ್ಷಿ.

ಬೀದಿಗಿಳಿಯುವುದೊಂದೇ ದಾರಿಯಲ್ಲ. 1908ರಲ್ಲಿ ಸ್ಥಾಪನೆಯಾದ ಭಾರತೀಯ ತರಬೇತಿ ಪಡೆದ ದಾದಿಯರ ಸಂಘ ಖಾಸಗಿ ಆಸ್ಪತ್ರೆಗಳ ದಾದಿಯರ ಸ್ಥಿತಿಗತಿಯನ್ನು ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟಿತು. 2016ರ ಜನವರಿ 29ರಂದು ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರಕಾರ ತಜ್ಞರ ಸಮಿತಿ ನೇಮಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ದಾದಿಯ ವೇತನ 20,000 ರೂ.ಗಿಂತ ಕಡಿಮೆ ಇರಬಾರದು, 200ಕ್ಕಿಂತ ಹೆಚ್ಚು ಹಾಸಿಗೆ ಇದ್ದಲ್ಲಿ ರಾಜ್ಯ ಸರಕಾರದ ದಾದಿಯರಿಗೆ ಸಮನಾಗಿರಬೇಕು ಎಂದು ಸಮಿತಿ ಶಿಫಾರಸು ಮಾಡಿತು.

ಆದರೆ ಶಿಫಾರಸು ಕಾನೂನಲ್ಲ. ಅದನ್ನು ಜಾರಿಗೆ ತರುವ ಹೊಣೆ ಆಯಾ ರಾಜ್ಯದ್ದು. ನೆರೆಯ ಕೇರಳದಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಶನ್ ಈ ಶಿಫಾರಸನ್ನೇ ಕೈಯಲ್ಲಿ ಹಿಡಿದು 2017ರಲ್ಲಿ ಹೋರಾಡಿತು, 2018ರ ಏಪ್ರಿಲ್‌ನಲ್ಲಿ ಅಲ್ಲಿನ ಸರಕಾರ 20,000 ರೂ. ಕನಿಷ್ಠ ಮೂಲವೇತನದ ಅಧಿಸೂಚನೆ ಹೊರಡಿಸಿತು. ಹಳೆಯ ವೃತ್ತಿ ಸಂಘ ನ್ಯಾಯಾಲಯದಿಂದ ಕಾಗದ ತಂದಿತು, ಹೊಸ ಸಂಘ ಅದಕ್ಕೆ ಜೀವ ತುಂಬಿತು. ಸಹಕಾರವೆಂದರೆ ಒಂದೇ ವೇದಿಕೆಯಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುವುದಷ್ಟೇ ಅಲ್ಲ. ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಮುಂದುವರಿಸುವುದೂ ಸಹಕಾರವೇ.

ಮೂರನೆಯದು ತಜ್ಞರ ಸಂಘಟನೆ. 1956ರ ಸೆಪ್ಟೆಂಬರ್ 28ರಂದು ಆರಂಭವಾದ, ಕೋಲ್ಕತ್ತವನ್ನು ಕೇಂದ್ರವಾಗಿಸಿಕೊಂಡ ಭಾರತೀಯ ಸಾರ್ವಜನಿಕ ಆರೋಗ್ಯ ಸಂಘ, 1967ರಲ್ಲಿ ಹುಟ್ಟಿದ ಸಾರ್ವಜನಿಕ ಆರೋಗ್ಯ ಸಂಘಗಳ ವಿಶ್ವ ಒಕ್ಕೂಟದ ಸದಸ್ಯ. 2015ರ ಫೆಬ್ರವರಿಯಲ್ಲಿ ಒಕ್ಕೂಟದ 14ನೇ ವಿಶ್ವ ಸಮ್ಮೇಳನ ಕೋಲ್ಕತ್ತದಲ್ಲೇ ಜರಗಿತು. ಊರಿನ ಸಂಘ, ಅದರ ಮೇಲೆ ಮಹಾಮಂಡಳ ಎಂಬ ವ್ಯವಸ್ಥೆ ನಮ್ಮ ಸಂಘ-ಸಂಸ್ಥೆಗಳವರಿಗೆ ಹೊಸದಲ್ಲ, ಇಲ್ಲೂ ಅದೇ ಕ್ರಮ. ಇಂಥ ಸಂಘ ಧರಣಿ ಕೂರುವುದಿಲ್ಲ. ಅಧ್ಯಯನ, ನಿಯತಕಾಲಿಕೆ, ಸಮ್ಮೇಳನ ಇವೇ ಅದರ ಅಸ್ತ್ರ. ಆದರೆ ಮನೆ ಮನೆ ಸುತ್ತುವವಳ ಅನುಭವ ಅಧ್ಯಯನದ ಪುಟಕ್ಕೆ ಏರಿದಾಗಲೇ ಅವಳ ಬೇಡಿಕೆಗೆ ತೂಕ ಬರುತ್ತದೆ. ಆಕೆಯ ಗಳಿಕೆ ಮತ್ತು ಜನರ ಆರೋಗ್ಯ ಎರಡೂ ಒಂದೇ ನಾಣ್ಯದ ಮುಖಗಳು. ಮುಷ್ಕರದ ದಿನಗಳಲ್ಲಿ ಗರ್ಭಿಣಿಯರ ದಾಖಲಾತಿ, ಕ್ಷಯರೋಗಿಗಳ ವಿಚಾರಣೆ ಸೊರಗಿದರೆ ಬಾಧೆ ಬಡವರಿಗೇ.

ಕಾಮೋಠೆಯ ಕನ್ನಡಿಗರಿಗೆ ಇದರಿಂದ ಏನು ಎಂಬ ಪ್ರಶ್ನೆ ಸಹಜ. 2016ರ ಅಕ್ಟೋಬರ್‌ನಿಂದ ಈ ನಗರ ಪನ್ವೇಲ್ ಮಹಾನಗರ ಪಾಲಿಕೆಗೆ ಸೇರಿದೆ. ಇಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೆ, ಅಲ್ಲಲ್ಲಿ ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳೂ ಇವೆ. ಊರಿನಲ್ಲಿ ನರ್ಸಿಂಗ್ ಕಲಿತು ನಗರಕ್ಕೆ ಬಂದ ನಮ್ಮ ಹೆಣ್ಣುಮಕ್ಕಳು ಇಂಥ ಕಡೆಗಳಲ್ಲೇ ರಾತ್ರಿ ಪಾಳಿ ದುಡಿಯುತ್ತಾರೆ. ನೇಮಕ ಪತ್ರ ಕೊಟ್ಟಿದ್ದಾರೆಯೇ, ವೇತನ ಚೀಟಿ ತಿಂಗಳು ತಿಂಗಳು ಬರುತ್ತಿದೆಯೇ, ಯಾವುದಾದರೂ ವೃತ್ತಿ ಸಂಘದ ಸದಸ್ಯತ್ವವಿದೆಯೇ ಎಂದು ಹಿರಿಯರು ವಿಚಾರಿಸಿದರೂ ಅದೊಂದು ಆಸರೆ. ಕಾಗದ ಪತ್ರ ಓದಿ ಹೇಳಬಲ್ಲ ಬ್ಯಾಂಕ್, ವಿಮೆ, ವಕೀಲಿ ವೃತ್ತಿಯವರಿಗೆ ನಮ್ಮಲ್ಲಿ ಬರವಿಲ್ಲ.

ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಾ ಒಂದೇ ಕೋಣೆಯಲ್ಲಿ ಹಲವರು ಮಲಗುವ ಹುಡುಗರ ಸಂಗತಿಯೂ ಇದೆ. ಕೆಮ್ಮು ಬಿಡದಿದ್ದರೆ ಊರಿಗೆ ಹೋಗಿಬಿಡುವುದು ಅವರ ರೂಢಿ. ಕ್ಷಯರೋಗಿಯ ಮಾಹಿತಿಯನ್ನು ಖಾಸಗಿ ವೈದ್ಯರೂ ಸರಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ಸರಕಾರಿ ಚಿಕಿತ್ಸೆ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂ. ನೀಡಲಾಗುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1,000 ರೂ.ಗೆ ಏರಿಸಲಾಗಿದೆ. ಈ ವಿಷಯ ಹುಡುಗರಿಗೆ ಅವರ ಭಾಷೆಯಲ್ಲಿ ತಲುಪಬೇಕಾದರೆ ಆಶಾ ಕಾರ್ಯಕರ್ತೆಗೆ ಜೊತೆಗೊಬ್ಬ ಕನ್ನಡಿಗ ಬೇಕು.

ವರ್ಷಕ್ಕೊಮ್ಮೆ ರಕ್ತದೊತ್ತಡ, ಸಕ್ಕರೆ ತಪಾಸಣೆಯ ಶಿಬಿರ ನಡೆಸುವ ಸಂಘಗಳ ಸೇವೆ ನಿಜಕ್ಕೂ ಶ್ಲಾಘನೀಯ. ಮುಂದಿನ ಶಿಬಿರಕ್ಕೆ ಪರಿಸರದ ಆಶಾ ಕಾರ್ಯಕರ್ತೆಯನ್ನೂ ಒಬ್ಬ ದಾದಿಯನ್ನೂ ಆಹ್ವಾನಿಸಲಿ. ಶಾಲು, ಹಾರ ಇದ್ದದ್ದೇ. ಅದಕ್ಕೂ ಮೊದಲು ಹತ್ತು ನಿಮಿಷ ಅವರ ಮಾತು ಕೇಳಲಿ. ಅವರು ಹೇಳಿದ್ದನ್ನು ಪಾಲಿಕೆಗೆ ಕೊಡುವ ಮನವಿಯಲ್ಲಿ ಬರೆದು, ಪರಿಸರದ ಇತರ ಭಾಷಿಕರ ಸಂಘಗಳ ಸಹಿಯನ್ನೂ ಸೇರಿಸಲಿ. ಮನವಿ ಕೊಟ್ಟಾಗ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.