ಹೊಟ್ಟೆಯೊಳಗಿನ ಹುಳಿ

ಎದೆಯುರಿ ಬಂದರೆ ಸಾರಿನ ಹುಣಿಸೆಯನ್ನೋ ನಾಲ್ಕನೇ ಲೋಟ ಫಿಲ್ಟರ್ ಕಾಫಿಯನ್ನೋ ದೂರುತ್ತೇವೆ, ಅಲ್ಲವೇ? ಹುಳಿಯನ್ನು ಅಳೆಯುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದವರು ಕೋಪನ್‌ಹೇಗನ್ನಿನ ಸೊರೆನ್‌ಸನ್. ಅವರಿದ್ದದ್ದು ಬಿಯರ್ ತಯಾರಕರ ಪ್ರಯೋಗಾಲಯದಲ್ಲಿ! ಶುದ್ಧ ನೀರು 7. ಅಂಕಿ ಒಂದಿಳಿದರೆ ಆಮ್ಲತೆ ಹತ್ತುಪಟ್ಟು. ಕಾಫಿ ಸುಮಾರು 5, ಜಠರರಸ 2ರ ಆಸುಪಾಸು. ಅಂದರೆ ಕಾಫಿಗಿಂತ ಸಾವಿರಪಟ್ಟು. (ಹಾಗೆಂದು ಐದನೇ ಲೋಟಕ್ಕೆ ಕೈ ಚಾಚಬೇಡಿ, ಕಾಫಿ ಕೆಲವರಿಗೆ ಆಗದು.) ಅರಿಶಿನದ ಕಲೆ ಸೋಪು ತಾಗಿ ಕೆಂಪಾಗುವುದನ್ನು ಕಂಡ ನಮಗೆ ಲಿಟ್ಮಸ್ ಕಾಗದ ಹೊಸದೇನಲ್ಲ. ಜಠರಕ್ಕೆ ದಪ್ಪ ಲೋಳೆಯ ರಕ್ಷಣೆಯಿದೆ, ಅನ್ನನಾಳಕ್ಕೆ ಅಷ್ಟಿಲ್ಲ; ಆಮ್ಲ ಮೇಲೇರಿದರೆ ಉರಿ. ಅಗತ್ಯವಿದ್ದರೆ ವೈದ್ಯರು ಮೂಗಿನಿಂದ ತೆಳು ನಳಿಕೆ ಇಳಿಸಿ 24 ಗಂಟೆ ಅಳೆಯುತ್ತಾರೆ. ಆದರೆ ಎದೆ ಬಿಗಿದು ಬೆವರಿದರೆ, ನೋವು ತೋಳಿಗಿಳಿದರೆ, ಗ್ಯಾಸೆಂದು ಸೋಡಾ ಕುಡಿದು ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೊರಡಿ.