ಮೇಯರ್ ಆಯ್ಕೆ: ಮತದಾರನ ಪಾಲೆಷ್ಟು?

ಕೊಳಗಲ್ಲು (ಬಳ್ಳಾರಿ): ಬಳ್ಳಾರಿ ಮಹಾನಗರ ಪಾಲಿಕೆಯ 39 ವಾರ್ಡ್‌ಗಳಿಗೆ 2021ರ ಏಪ್ರಿಲ್ 27ರಂದು ಮತದಾನ ನಡೆದು, 30ರಂದು ಫಲಿತಾಂಶ ಹೊರಬಿತ್ತು. ಕಾಂಗ್ರೆಸ್ 21, ಬಿಜೆಪಿ 13 ಸ್ಥಾನ ಗಳಿಸಿದವು. ಐದು ಕಡೆ ಪಕ್ಷೇತರರು ಗೆದ್ದರು. ಬಹುಮತ ಸ್ಪಷ್ಟವಾಗಿದ್ದರೂ ನಗರಕ್ಕೆ ಮೇಯರ್ ದೊರೆತದ್ದು 2022ರ ಮಾರ್ಚ್‌ನಲ್ಲಿ. ಗೆದ್ದ ಸದಸ್ಯರಿದ್ದೂ ಸುಮಾರು ಹನ್ನೊಂದು ತಿಂಗಳು ಮೇಯರ್ ಪೀಠ ಖಾಲಿ ಉಳಿಯಿತು. ಇದು ಹೇಗೆ ಸಾಧ್ಯ ಎಂಬುದು ಮತದಾರರ ಸಹಜ ಪ್ರಶ್ನೆ.

ಎರಡು ಹಂತದ ಆಯ್ಕೆ

ಮತದಾರರು ಆರಿಸುವುದು ವಾರ್ಡ್ ಸದಸ್ಯರನ್ನು ಮಾತ್ರ. ಮೇಯರ್ ಹುದ್ದೆ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರ ಪ್ರಕಟಿಸಬೇಕು. ಬಳಿಕ ಪ್ರಾದೇಶಿಕ ಆಯುಕ್ತರು ಸಭೆಯ ದಿನಾಂಕ ನಿಗದಿಪಡಿಸಬೇಕು. ಈ ಕ್ರಮಗಳು ತಡವಾದಷ್ಟೂ ಆಯ್ಕೆಯೂ ತಡವಾಗುತ್ತದೆ. ಸಭೆಯಲ್ಲಿ ಸದಸ್ಯರ ಜೊತೆಗೆ ಮತದಾನದ ಹಕ್ಕುಳ್ಳ ಸಂಸದರು, ಶಾಸಕರೂ ಕೈ ಎತ್ತುತ್ತಾರೆ. 2023ರ ಮಾರ್ಚ್‌ನಲ್ಲಿ ನಾಲ್ಕನೇ ವಾರ್ಡಿನ 23 ವರ್ಷದ ಡಿ. ತ್ರಿವೇಣಿ 28 ಮತ ಪಡೆದು ಮೇಯರ್ ಆದರು. ಬಿಜೆಪಿ ಅಭ್ಯರ್ಥಿಗೆ 16 ಮತಗಳು ಬಿದ್ದವು. ಇಡೀ ನಗರದ ಮೊದಲ ಪ್ರಜೆಯನ್ನು ನಿರ್ಧರಿಸಿದ್ದು ಈ 44 ಮತಗಳು.

ನಗರಕ್ಕೆ ಸಮೀಪದ ಕೊಳಗಲ್ಲಿನಂತಹ ಗ್ರಾಮಗಳ ಜನರಿಗೂ ಈ ಪದ್ಧತಿ ಹೊಸದಲ್ಲ. ಗ್ರಾಮ ಪಂಚಾಯಿತಿ ಅಧ್ಯಕ್ಷರನ್ನೂ ಸದಸ್ಯರೇ ಆರಿಸುತ್ತಾರೆ. ವ್ಯತ್ಯಾಸವಿರುವುದು ಅವಧಿಯಲ್ಲಿ. 2020ರ ಡಿಸೆಂಬರ್ ಚುನಾವಣೆಯ ನಂತರ ಆಯ್ಕೆಯಾದ ಪಂಚಾಯಿತಿ ಅಧ್ಯಕ್ಷರಿಗೆ 30 ತಿಂಗಳು ದೊರೆತರೆ, 2022 ಮತ್ತು 2023ರಲ್ಲಿ ಬಳ್ಳಾರಿಯ ಮೇಯರ್‌ಗೆ ಇದ್ದ ಅವಧಿ ಒಂದೇ ವರ್ಷ.

ಶಿಕಾಗೊದ ಮಾದರಿ

ಅಮೆರಿಕದ ಶಿಕಾಗೊ ನಗರದ ಕಥೆ ಇದಕ್ಕೆ ತೀರಾ ಭಿನ್ನ. ಅಲ್ಲಿ 1955ರ ಏಪ್ರಿಲ್ 5ರಂದು ಮತದಾರರೇ ನೇರವಾಗಿ ಮೇಯರ್‌ನನ್ನು ಆರಿಸಿದರು. ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ಡೇಲಿ 7 ಲಕ್ಷಕ್ಕೂ ಹೆಚ್ಚು ಮತ ಪಡೆದು, ರಿಪಬ್ಲಿಕನ್ ಅಭ್ಯರ್ಥಿ ರಾಬರ್ಟ್ ಮೆರಿಯಮ್ ಅವರನ್ನು ಸೋಲಿಸಿದರು. ಅವಧಿ ನಾಲ್ಕು ವರ್ಷ. ಮತ್ತೆ ಮತ್ತೆ ಗೆದ್ದ ಡೇಲಿ 1976ರಲ್ಲಿ ನಿಧನರಾಗುವವರೆಗೂ ಅದೇ ಹುದ್ದೆಯಲ್ಲಿದ್ದರು.

ನೇರ ಚುನಾವಣೆಯಿಂದ ಎಲ್ಲವೂ ಸರಿಯಾಯಿತೆಂದು ಅರ್ಥವಲ್ಲ. ಡೇಲಿ ತಮ್ಮ ಪಕ್ಷದ ಸ್ಥಳೀಯ ಘಟಕದ ಅಧ್ಯಕ್ಷರೂ ಆಗಿದ್ದರು. ವಾರ್ಡ್ ಮಟ್ಟದ ಕಾರ್ಯಕರ್ತರಿಗೆ ನೌಕರಿ, ಸವಲತ್ತು ಹಂಚಿ ಬೆಂಬಲ ಉಳಿಸಿಕೊಳ್ಳುವ ವ್ಯವಸ್ಥೆ ಅವರ ಹಿಡಿತದಲ್ಲಿತ್ತು. ಒಬ್ಬರ ಕೈಯಲ್ಲೇ ಅಧಿಕಾರ ಕೇಂದ್ರೀಕೃತವಾಯಿತೆಂಬ ಟೀಕೆ ಕೊನೆಯವರೆಗೂ ಇತ್ತು. ಆದರೂ ನಗರದ ಕೆಲಸ ಕೆಟ್ಟರೆ ಯಾರನ್ನು ಪ್ರಶ್ನಿಸಬೇಕೆಂಬುದು ಅಲ್ಲಿನ ಮತದಾರನಿಗೆ ಗೊತ್ತಿತ್ತು.

ಅಧಿಕಾರ ಯಾರಲ್ಲಿ?

ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ ಪಾಲಿಕೆಯ ಆಡಳಿತ ನಡೆಸುವವರು ಸರ್ಕಾರ ನೇಮಿಸುವ ಆಯುಕ್ತರು. ಮೇಯರ್ ಮುಖ್ಯವಾಗಿ ಸಭೆಯ ಅಧ್ಯಕ್ಷತೆ ವಹಿಸುತ್ತಾರೆ. ಒಂದು ವರ್ಷದಲ್ಲಿ ಒಂದು ಬಜೆಟ್ ಮಂಡನೆಯಾಗಿ, ಅದರ ಕಾಮಗಾರಿ ಮುಗಿಯುವ ಮೊದಲೇ ಪೀಠ ಬದಲಾಗಿರುತ್ತದೆ.

ಸಂವಿಧಾನದ 74ನೇ ತಿದ್ದುಪಡಿ ಮೇಯರ್ ಆಯ್ಕೆಯ ವಿಧಾನವನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿದೆ. ಮಧ್ಯಪ್ರದೇಶದಲ್ಲಿ 2022ರಲ್ಲಿ, ಉತ್ತರ ಪ್ರದೇಶದಲ್ಲಿ 2023ರಲ್ಲಿ ಮೇಯರ್‌ಗಳನ್ನು ಜನರೇ ನೇರವಾಗಿ ಆರಿಸಿದರು. ಆದರೆ ಅಧಿಕಾರವಿಲ್ಲದ ಹುದ್ದೆಗೆ ಜನರೇ ಆರಿಸಿದರೂ ಫಲ ಅಷ್ಟಕ್ಕಷ್ಟೆ. ಆಯ್ಕೆಯ ವಿಧಾನ, ಅವಧಿ ಹಾಗೂ ಅಧಿಕಾರ ಮೂರೂ ಒಟ್ಟಿಗೆ ಬದಲಾದರೆ ಮಾತ್ರ ಕುಡಿಯುವ ನೀರು, ರಸ್ತೆ, ಚರಂಡಿಗಾಗಿ ಮತ ಹಾಕುವ ಬಳ್ಳಾರಿಯ ನಾಗರಿಕ ತನ್ನ ಮೇಯರ್‌ನಿಂದ ಉತ್ತರ ಕೇಳಲು ಸಾಧ್ಯ.